ನಡಾವಳಿ ಪುಸ್ತಕ ತೆಗೆದು ನೋಡಿ

ಹೋದ ತಿಂಗಳು ಮರುಮೌಲ್ಯಮಾಪನದ ಶುಲ್ಕದ ಬಗ್ಗೆ ಉತ್ತರ ಕೊಡುವಾಗ "ಇದು ಸಿಂಡಿಕೇಟ್‌ನಲ್ಲಿ ತೀರ್ಮಾನ ಆಗಬೇಕಾದ ವಿಷಯ" ಅಂತ ಒಂದು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಸಿಂಡಿಕೇಟ್ ಅಂದರೆ ಯಾರು, ಸೆನೆಟ್ ಅಂದರೆ ಯಾರು, ಬಾಗಿಲು ಹಾಕಿಕೊಂಡು ಅವರು ಏನು ಮಾಡುತ್ತಾರೆ, ನಮಗೆ ಯಾಕೆ ಏನೂ ಗೊತ್ತಾಗುವುದಿಲ್ಲ ಅಂತ. ನಾನು ಒಂದು ರಾಜ್ಯ ವಿಶ್ವವಿದ್ಯಾಲಯದ ಸಭಾ ಶಾಖೆಯಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ಅಧೀಕ್ಷಕನಾಗಿ ನಿವೃತ್ತನಾದವನು. ಅಜೆಂಡಾ ಟೈಪ್ ಮಾಡಿ, ಕಟ್ಟು ಕಟ್ಟಿ, ಸಭೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು ಬರೆದುಕೊಂಡು, ಸಂಜೆ ಅದಕ್ಕೆ ನಡಾವಳಿಯ, ಅಂದರೆ ಸಭೆಯ ತೀರ್ಮಾನಗಳ ದಾಖಲೆಯ ರೂಪ ಕೊಡುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಈ ಸಲದ ಅಂಕಣವನ್ನು ಇದೊಂದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಸರ್, ನಾನು ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಹಾಸ್ಟೆಲ್ ರಿಪೇರಿ ವಿಷಯ ಸಿಂಡಿಕೇಟ್ ಸಭೆಗೆ ಹೋಗಿತ್ತಂತೆ. "ಒಪ್ಪಿಗೆ ಆಗಿದೆ" ಅಂತ ಒಬ್ಬರು, "ಇನ್ನೂ ಇಲ್ಲ" ಅಂತ ಇನ್ನೊಬ್ಬರು ಹೇಳುತ್ತಾರೆ. ಆರು ತಿಂಗಳಾಯಿತು. ಒಳಗೆ ನಿಜವಾಗಿ ಏನು ನಡೆಯುತ್ತದೆ? – ಒಬ್ಬ ವಿದ್ಯಾರ್ಥಿನಿ, ದಾವಣಗೆರೆ

ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು ತಾಯಿ. ಅದು ಹೇಗೆ ಅಂತ ತಿಳಿಯಬೇಕಾದರೆ ಸಭೆಯ ದಿನದಿಂದಲ್ಲ, ಅದಕ್ಕೂ ಮೂರು ವಾರ ಮುಂಚಿನಿಂದ ನೋಡಬೇಕು.

ನಮ್ಮ ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳು ನಡೆಯುವುದು 2000ನೇ ಇಸವಿಯ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ. ಅದರಲ್ಲಿ ಸಿಂಡಿಕೇಟ್ ಅಂದರೆ ಆಡಳಿತ ನಡೆಸುವ ಸಭೆ. ಹಣ, ನೇಮಕಾತಿ, ಕಟ್ಟಡ, ಆಸ್ತಿ, ಕಾಲೇಜುಗಳ ಸಂಯೋಜನೆ (ಅಫಿಲಿಯೇಷನ್) ಎಲ್ಲ ಅಲ್ಲಿಗೇ ಬರುತ್ತದೆ. ಪಾಠ, ಪಠ್ಯಕ್ರಮ, ಪರೀಕ್ಷೆಯ ನಿಯಮ ಇವೆಲ್ಲ ವಿದ್ಯಾವಿಷಯಕ ಪರಿಷತ್ತಿನದು. ಸಿಂಡಿಕೇಟ್‌ಗೆ ಕುಲಪತಿ (ವೈಸ್ ಚಾನ್ಸಲರ್) ಅಧ್ಯಕ್ಷರು, ಕುಲಸಚಿವರು (ರಿಜಿಸ್ಟ್ರಾರ್) ಕಾರ್ಯದರ್ಶಿ. ಸರ್ಕಾರ ನಾಮನಿರ್ದೇಶನ ಮಾಡಿದವರು, ಕುಲಾಧಿಪತಿಗಳಾದ ರಾಜ್ಯಪಾಲರು ಕಳಿಸಿದವರು, ಡೀನ್‌ಗಳು, ಕಾಲೇಜಿನ ಪ್ರಾಂಶುಪಾಲರು, ಇಲಾಖೆಯ ಅಧಿಕಾರಿ, ಹೀಗೆ ಒಂದು ದೊಡ್ಡ ಟೇಬಲ್ ಸುತ್ತ ಹಿಡಿಸುವಷ್ಟು ಜನ.

ಹಾಸ್ಟೆಲ್ ರಿಪೇರಿಯ ಮಾತು ನೇರವಾಗಿ ಈ ಟೇಬಲ್‌ಗೆ ಬರುವುದಿಲ್ಲ. ವಾರ್ಡನ್ ಪತ್ರ ಬರೆಯಬೇಕು. ಎಂಜಿನಿಯರಿಂಗ್ ವಿಭಾಗ ಅಂದಾಜು ಪಟ್ಟಿ ಕೊಡಬೇಕು. ಹಣಕಾಸು ಅಧಿಕಾರಿ ಬಜೆಟ್ಟಿನ ಯಾವ ಬಾಬಿನಲ್ಲಿ, ಅಂದರೆ ಯಾವ ಲೆಕ್ಕಶೀರ್ಷಿಕೆಯಲ್ಲಿ ದುಡ್ಡಿದೆ ಅಂತ ನೋಡಬೇಕು, ದೊಡ್ಡ ಮೊತ್ತವಾದರೆ ಹಣಕಾಸು ಸಮಿತಿಯ ಮುಂದೆ ಹೋಗಬೇಕು. ಆಮೇಲೆ ಕುಲಸಚಿವರ ಕಚೇರಿಯಲ್ಲಿ ಒಂದು ಟಿಪ್ಪಣಿ ತಯಾರಾಗುತ್ತದೆ. ಒಂದು ಪುಟ, ಜಾಸ್ತಿ ಅಂದರೆ ಎರಡು. ಕೊನೆಯ ಸಾಲು ಹೀಗಿರುತ್ತದೆ: "ಈ ವಿಷಯವನ್ನು ಸಿಂಡಿಕೇಟ್‌ನ ಪರಿಶೀಲನೆಗೆ ಹಾಗೂ ನಿರ್ಣಯಕ್ಕೆ ಮಂಡಿಸಿದೆ." ಆ ಟಿಪ್ಪಣಿಗೆ ಒಂದು ವಿಷಯ ಸಂಖ್ಯೆ ಬೀಳುತ್ತದೆ. ಆ ಸಂಖ್ಯೆ ಬಿದ್ದ ಮೇಲಷ್ಟೇ ನಿಮ್ಮ ವಿಷಯ ಸಭೆಗೆ ಬಂದ ಹಾಗೆ.

ಸಭೆಯ ದಿನ ಮೊದಲು ಹಿಂದಿನ ಸಭೆಯ ನಡಾವಳಿ ದೃಢೀಕರಣ. ಅಂದರೆ ಹೋದ ಸಲ ಏನು ತೀರ್ಮಾನ ಆಯಿತು ಅಂತ ಬರೆದಿದೆಯೋ ಅದು ಸರಿ ಅಂತ ಎಲ್ಲರೂ ಒಪ್ಪುವುದು. ಎರಡನೆಯದು ಅನುಪಾಲನಾ ವರದಿ: ಹೋದ ಸಲದ ತೀರ್ಮಾನಗಳಲ್ಲಿ ಯಾವುದು ಜಾರಿಯಾಯಿತು, ಯಾವುದು ಆಗಲಿಲ್ಲ. ಇವೆರಡನ್ನೂ ಹೆಚ್ಚಿನ ಸಭೆಗಳಲ್ಲಿ ಕಾಫಿ ಬರುವ ಹೊತ್ತಿಗೆ ಮುಗಿಸಿಬಿಡುತ್ತಾರೆ. ನನ್ನ ಅನುಭವದಲ್ಲಿ ಇಡೀ ಸಭೆಯಲ್ಲಿ ತುಂಬ ಮುಖ್ಯವಾದ ಎರಡು ಬಾಬತ್ತು ಇವೇ. ಆಮೇಲೆ ಹೊಸ ವಿಷಯಗಳು ಒಂದೊಂದಾಗಿ. ನಂತರ ಘಟನೋತ್ತರ ಅನುಮೋದನೆಗೆ ಬಂದವು, ಅಂದರೆ ಈಗಾಗಲೇ ಮಾಡಿ ಮುಗಿಸಿ ಒಪ್ಪಿಗೆ ಕೇಳುವಂಥವು. ಕೊನೆಗೆ "ಅಧ್ಯಕ್ಷರ ಅನುಮತಿಯೊಂದಿಗೆ ಇತರ ವಿಷಯಗಳು".

ನಲವತ್ತು, ಐವತ್ತು ವಿಷಯ ಇದ್ದ ಸಭೆಗಳಲ್ಲಿ ನಾನು ಕೂತಿದ್ದೇನೆ. ಊಟದ ಹೊತ್ತಿಗೆ ಅರ್ಧ ಮುಗಿದರೆ ಹೆಚ್ಚು. ಊಟದ ಮೇಲೆ ಕೆಲವರು ಬಸ್ಸಿಗೋ ರೈಲಿಗೋ ಹೊರಟುಬಿಡುತ್ತಾರೆ, ಉಳಿದ ವಿಷಯಗಳು ಓಡುತ್ತವೆ. ನಿಮ್ಮ ಹಾಸ್ಟೆಲ್ ಎಷ್ಟನೇ ನಂಬರಿನಲ್ಲಿತ್ತು ಅನ್ನುವುದು ಕೂಡ ಲೆಕ್ಕಕ್ಕೆ ಬರುತ್ತದೆ.

ಇನ್ನು ನಿಮ್ಮ ಪ್ರಶ್ನೆಯ ಗಂಟು ಇರುವುದು ತೀರ್ಮಾನ ಬರೆಯುವ ಮಾತಿನಲ್ಲಿ. ನಡಾವಳಿಯಲ್ಲಿ ಕೆಲವೇ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ. "ಅನುಮೋದಿಸಲಾಯಿತು" ಅಂದರೆ ಒಪ್ಪಿಗೆ, ಆದೇಶ ಹೊರಡಿಸಬಹುದು. "ತಾತ್ವಿಕವಾಗಿ ಒಪ್ಪಲಾಯಿತು" ಅಂದರೆ ಬೇಡ ಅಂದಿಲ್ಲ, ಆದರೆ ದುಡ್ಡು ಇನ್ನೂ ಬಿಡುಗಡೆಯಾಗುವುದಿಲ್ಲ. "ಉಪಸಮಿತಿ ರಚಿಸಲು ತೀರ್ಮಾನಿಸಲಾಯಿತು" ಅಂದರೆ ಮೂರು ಜನ ಕೂತು ವರದಿ ಕೊಡುವ ತನಕ ಕಾಯಬೇಕು. "ಗಮನಿಸಲಾಯಿತು" ಅಂದರೆ ಓದಿದರು, ಅಷ್ಟೇ. "ಕುಲಪತಿಗಳಿಗೆ ಅಧಿಕಾರ ನೀಡಲಾಯಿತು" ಅಂದರೆ ಇನ್ನು ಮುಂದೆ ಫೈಲು ಒಬ್ಬರ ಟೇಬಲ್ ಮೇಲೆ. "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಅಂತ ಇದ್ದರೆ ನಿಮಗೆ ಕಷ್ಟ ಕಾದಿದೆ ಅಂತಲೇ ಅರ್ಥ.

ಯಾಕೆ ಇಷ್ಟು ಖಚಿತವಾಗಿ ಹೇಳುತ್ತೇನೆ ಅಂದರೆ ಆ ವಾಕ್ಯವನ್ನು ನಾನೇ ಬರೆದಿದ್ದೇನೆ. ಒಂದು ಬೇಸಿಗೆ, ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಹೊಸ ಬೋರ್‌ವೆಲ್ ಕೊರೆಸುವ ವಿಷಯ ಬಂತು. ಅರ್ಧ ಗಂಟೆಗೂ ಮೇಲೆ ಚರ್ಚೆ ಆಯಿತು. ಒಬ್ಬರೂ ಬೇಡ ಅನ್ನಲಿಲ್ಲ. "ಮಾಡಿಸಿಬಿಡಿ, ಮಕ್ಕಳಿಗೆ ನೀರಿಲ್ಲ ಅಂದರೆ ಹೇಗೆ" ಅಂತ ಎಲ್ಲರೂ ಹೇಳಿದರು. ಸಂಜೆ ನಾನು ಬರೆದದ್ದು, "ವಿಷಯವನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು." ಹಿಂದಿನವರು ಹಾಗೇ ಬರೆಯುತ್ತಿದ್ದರು, ನಾನೂ ಬರೆದೆ. ಆ ವಾಕ್ಯ ಇಟ್ಟುಕೊಂಡು ಎಂಜಿನಿಯರಿಂಗ್ ವಿಭಾಗ ಫೈಲು ಮಂಡಿಸಿದಾಗ ಹಣಕಾಸು ಶಾಖೆ ವಾಪಸ್ ಕಳಿಸಿತು. ಎಷ್ಟು ರೂಪಾಯಿ ಅಂತ ಇಲ್ಲ, ಯಾವ ಶೀರ್ಷಿಕೆ ಅಂತ ಇಲ್ಲ, ಒಪ್ಪಿಗೆ ಅನ್ನುವ ಪದವೇ ಇಲ್ಲ. ಅವರದು ತಪ್ಪಿರಲಿಲ್ಲ. ಮುಂದಿನ ಸಭೆಗೆ ಮತ್ತೆ ಮಂಡಿಸುವ ಹೊತ್ತಿಗೆ ಮಳೆಗಾಲ ಶುರುವಾಗಿತ್ತು. ಆ ಬೇಸಿಗೆ ಪೂರ್ತಿ ಆ ಹುಡುಗಿಯರು ಬಕೆಟ್ ಹಿಡಿದು ಟ್ಯಾಂಕರ್ ಮುಂದೆ ಕ್ಯೂ ನಿಂತಿದ್ದನ್ನು ಕಚೇರಿಯ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಅದಕ್ಕೇ ನೀವು ಯಾರನ್ನೂ "ಸಭೆಯಲ್ಲಿ ಏನಾಯಿತು" ಅಂತ ಕೇಳಬೇಡಿ. ಸಭೆಯ ದಿನಾಂಕ, ವಿಷಯ ಸಂಖ್ಯೆ, ನಿರ್ಣಯದ ಪೂರ್ತಿ ವಾಕ್ಯ ಕೇಳಿ. ಆ ವಾಕ್ಯದಲ್ಲಿ ಯಾರು ಮಾಡಬೇಕು, ಯಾವ ದುಡ್ಡಿನಲ್ಲಿ, ಯಾವಾಗಿನ ಒಳಗೆ ಅಂತ ಮೂರೂ ಇದ್ದರೆ ಒಪ್ಪಿಗೆಯಾಗಿದೆ. ಒಂದು ಇಲ್ಲದಿದ್ದರೂ ಅದನ್ನೇ ಹಿಡಿದು ವಾರ್ಡನ್ ಮೂಲಕ ಮತ್ತೊಂದು ಪತ್ರ ಕೊಡಿ, ಮುಂದಿನ ಸಭೆಯ ಅಜೆಂಡಾ ಹೊರಡುವ ಮುಂಚೆ.

ಪ್ರಶ್ನೆ: ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಸೆನೆಟ್ ಅಂತ ಇತ್ತು. ಈಗ ಆ ಹೆಸರೇ ಕೇಳಿಸುವುದಿಲ್ಲ. ಏನಾಯಿತು ಅದು? – ಒಬ್ಬ ನಿವೃತ್ತ ಅಧ್ಯಾಪಕರು, ಧಾರವಾಡ

ಮೇಷ್ಟ್ರೇ, ನಿಮ್ಮ ನೆನಪು ಸರಿಯಾಗಿದೆ. 1976ರ ಕಾಯ್ದೆಯಲ್ಲಿ ಸೆನೆಟ್, ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು ಮೂರೂ ಇದ್ದವು. 2000ದ ಕಾಯ್ದೆ ಬಂದಾಗ ಸೆನೆಟ್ ಕೈಬಿಟ್ಟು ಉಳಿದ ಎರಡನ್ನು ಇಟ್ಟುಕೊಂಡರು.

ಸೆನೆಟ್ ಅನ್ನುವುದು ಈ ದೇಶಕ್ಕೆ ಬಂದದ್ದು 1857ರಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸು ಈ ಮೂರು ವಿಶ್ವವಿದ್ಯಾಲಯಗಳ ಜೊತೆಗೆ. ಲಂಡನ್ ವಿಶ್ವವಿದ್ಯಾಲಯದ ಮಾದರಿ. ಫೆಲೋಗಳು ಅಂತ ಕರೆಸಿಕೊಂಡ ಸದಸ್ಯರೆಲ್ಲ ಸೇರಿದರೆ ಸೆನೆಟ್. ಮೈಸೂರು ಸಂಸ್ಥಾನಕ್ಕೆ ಆಗ ಸ್ವಂತ ವಿಶ್ವವಿದ್ಯಾಲಯ ಇರಲಿಲ್ಲ, ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದರಾಸಿಗೇ ಸೇರಿದ್ದವು. ಅಂದರೆ ನಮ್ಮ ಹುಡುಗರು ಏನು ಓದಬೇಕು, ಯಾವ ಪರೀಕ್ಷೆ ಬರೆಯಬೇಕು ಅನ್ನುವುದು ಮದರಾಸಿನ ಸಭೆಯಲ್ಲಿ ತೀರ್ಮಾನ ಆಗುತ್ತಿತ್ತು. 1904ರಲ್ಲಿ ವೈಸರಾಯ್ ಕರ್ಜನ್ ಕಾಲದ ಕಾಯ್ದೆ ಬಂದು, ಈ ಮೂರು ಹಳೆಯ ವಿಶ್ವವಿದ್ಯಾಲಯಗಳ ಸೆನೆಟ್‌ನಲ್ಲಿ 50ಕ್ಕೆ ಕಡಿಮೆ ಇಲ್ಲದೆ 100ಕ್ಕೆ ಜಾಸ್ತಿ ಇಲ್ಲದೆ ಫೆಲೋಗಳು ಇರಬೇಕು ಅಂತ ಮಿತಿ ಹಾಕಿತು. ಅವರಲ್ಲಿ ಚುನಾಯಿತರು ಬರೀ 20 ಜನ. ಸರ್ಕಾರದ ಹಿಡಿತ ಬಿಗಿ ಮಾಡುವುದಕ್ಕೇ ಇದು ಅಂತ ಆಗಿನ ರಾಷ್ಟ್ರೀಯ ನಾಯಕರು ಜೋರಾಗಿ ವಿರೋಧಿಸಿದರು. ಮುಂದೆ 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಬ್ರಿಟಿಷ್ ಆಳ್ವಿಕೆಯ ಹೊರಗೆ ಈ ದೇಶದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ನಮ್ಮ ಊರಿನ ವಿಷಯ ನಮ್ಮ ಊರಿನಲ್ಲೇ ತೀರ್ಮಾನ ಆಗಲು ಶುರುವಾದದ್ದು ಆಗ.

ಸೆನೆಟ್ ಮತ್ತು ಸಿಂಡಿಕೇಟ್ ನಡುವಿನ ವ್ಯತ್ಯಾಸ ನಮ್ಮ ಕಚೇರಿಯಲ್ಲಿ ಹೊಸಬರಿಗೆ ಹೀಗೆ ಹೇಳಿಕೊಡುತ್ತಿದ್ದರು: ಸೆನೆಟ್ ವಿಧಾನಸಭೆ ಇದ್ದ ಹಾಗೆ, ಸಿಂಡಿಕೇಟ್ ಮಂತ್ರಿಮಂಡಲ ಇದ್ದ ಹಾಗೆ. ಸೆನೆಟ್ ವರ್ಷದಲ್ಲಿ ಕೆಲವೇ ಸಲ ಸೇರುತ್ತದೆ, ಬಜೆಟ್ ನೋಡುತ್ತದೆ, ವಾರ್ಷಿಕ ವರದಿ ನೋಡುತ್ತದೆ, ಪ್ರಶ್ನೆ ಕೇಳುತ್ತದೆ. ದಿನನಿತ್ಯದ ಆಡಳಿತ ಅದರದ್ದಲ್ಲ.

ದೊಡ್ಡ ಸಭೆ, ಗಲಾಟೆ ಜಾಸ್ತಿ, ರಾಜಕೀಯ ಜಾಸ್ತಿ, ಕೆಲಸ ನಿಧಾನ ಅನ್ನುವ ದೂರು ಸೆನೆಟ್ ಮೇಲೆ ಇದ್ದೇ ಇತ್ತು, ಅದರಲ್ಲಿ ಸತ್ಯವೂ ಇತ್ತು. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಅದನ್ನು ತೆಗೆದದ್ದು ನಷ್ಟವೇ. ಮಂತ್ರಿಮಂಡಲ ಇದೆ, ವಿಧಾನಸಭೆ ಇಲ್ಲ ಅಂದರೆ ಪ್ರಶ್ನೆ ಕೇಳುವವರು ಯಾರು ಹೇಳಿ? ಸಿಂಡಿಕೇಟ್‌ನವರು ತಾವೇ ಮಾಡಿದ ತೀರ್ಮಾನಕ್ಕೆ ತಾವೇ ಪ್ರಶ್ನೆ ಕೇಳಿಕೊಳ್ಳಬೇಕು. ಸರ್ಕಾರ ಬದಲಾದಾಗ ನಾಮನಿರ್ದೇಶಿತರೂ ಬದಲಾಗುವುದನ್ನು ನಾವೆಲ್ಲ ನೋಡಿದ್ದೇವೆ. ಹೊಸಬರು ಬಂದು ವಿಷಯ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ವರ್ಷ ಕಳೆದಿರುತ್ತದೆ.

ಅಂದಹಾಗೆ ನಮ್ಮ ರಾಜ್ಯದಲ್ಲಿ ಸೆನೆಟ್ ಪೂರ್ತಿ ಹೋಗಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ 1994ರ ಪ್ರತ್ಯೇಕ ಕಾಯ್ದೆ ಇದೆ, ಅದರಲ್ಲಿ ಸೆನೆಟ್ ಇದೆ, ಸಿಂಡಿಕೇಟೂ ಇದೆ.

ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಸುದ್ದಿಯನ್ನು ನೀವು ಓದಿರಬಹುದು. 2025ರ ಅಕ್ಟೋಬರ್ 28ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಅಲ್ಲಿನ ಸೆನೆಟ್ ಅನ್ನು 90ಕ್ಕೂ ಹೆಚ್ಚು ಜನರಿಂದ 31ಕ್ಕೆ ಇಳಿಸಿತು, ಪದವೀಧರರು ಮತ ಹಾಕಿ ಕಳಿಸುವ ಸ್ಥಾನಗಳನ್ನೂ ತೆಗೆಯಿತು. ವಿದ್ಯಾರ್ಥಿಗಳು ಧರಣಿ ಕೂತರು. ನವೆಂಬರ್ ಮೊದಲ ವಾರದಲ್ಲೇ ಅಧಿಸೂಚನೆ ವಾಪಸ್ ಹೋಯಿತು. ಅಷ್ಟಕ್ಕೇ ಅವರು ಎದ್ದು ಹೋಗಲಿಲ್ಲ, ಸೆನೆಟ್ ಚುನಾವಣೆಯ ದಿನಾಂಕ ಹೇಳಿ ಅಂತ ಪಟ್ಟು ಹಿಡಿದರು. ಹದಿನೆಂಟು ಇಪ್ಪತ್ತರ ಮಕ್ಕಳಿಗೆ ಸೆನೆಟ್ ಯಾಕೆ ಬೇಕು ಅಂತ ಅರ್ಥವಾಗಿದೆಯಲ್ಲ, ಅದನ್ನು ಓದಿ ನನಗೆ ತುಂಬಾ ಸಂತೋಷವಾಯಿತು.

ಪ್ರಶ್ನೆ: ನಾನು ಮುಂಬಯಿ ಕನ್ನಡಿಗ. ಇಲ್ಲಿನ ವಿಶ್ವವಿದ್ಯಾಲಯದ್ದೇ ಬಿ.ಕಾಂ. ಪದವಿ. ಸೆನೆಟ್ ಚುನಾವಣೆಗೆ ಹೆಸರು ನೋಂದಾಯಿಸಿ ಅಂತ ಗೆಳೆಯರು ಹೇಳುತ್ತಾರೆ. ಸುಮ್ನೆ ರಾಜಕೀಯ ಅಲ್ವಾ ಅದು? – ಒಬ್ಬ ಓದುಗರು, ಡೊಂಬಿವಲಿ

ರಾಜಕೀಯ ಇದೆ, ನಿಜ. 2024ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸೆನೆಟ್‌ಗೆ ಪದವೀಧರ ಕ್ಷೇತ್ರದ ಚುನಾವಣೆ ನಡೆದಾಗ 10 ಸ್ಥಾನಗಳನ್ನೂ ಉದ್ಧವ್ ಠಾಕ್ರೆ ಬಣದ ಶಿವಸೇನೆಯ ಯುವ ಘಟಕವಾದ ಯುವಸೇನೆಯವರೇ ಗೆದ್ದರು. ಆ ಚುನಾವಣೆ ಎಷ್ಟೋ ಸಲ ಮುಂದಕ್ಕೆ ಹೋಗಿ, ಹೈಕೋರ್ಟಿನವರೆಗೂ ಹೋಗಿ ಬಂದು ಆಮೇಲೆ ನಡೆಯಿತು. ಹತ್ತರಲ್ಲಿ ಐದು ಸಾಮಾನ್ಯ ಸ್ಥಾನ, ಐದು ಮೀಸಲು.

ಆದರೆ ನೀವು ಇದನ್ನು ಇನ್ನೊಂದು ಕಡೆಯಿಂದ ನೋಡಿ. ಮಹಾರಾಷ್ಟ್ರದ 2016ರ ಕಾಯ್ದೆ ನಿಮ್ಮಂಥ ಪದವೀಧರನಿಗೆ ಒಂದು ವೋಟು ಕೊಟ್ಟಿದೆ. ನೀವು ಕಳಿಸಿದವರು ವಿಶ್ವವಿದ್ಯಾಲಯದ ಬಜೆಟ್ ಬಂದಾಗ ಎದ್ದು ನಿಂತು ಪ್ರಶ್ನೆ ಕೇಳಬಹುದು, ಫಲಿತಾಂಶ ತಡ ಯಾಕೆ, ಹಾಸ್ಟೆಲ್ ಯಾಕೆ ಖಾಲಿ ಬಿದ್ದಿದೆ, ಭಾಷಾ ವಿಭಾಗಗಳಲ್ಲಿ ಖಾಲಿ ಹುದ್ದೆ ಎಷ್ಟು ಅಂತ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ, ಅದರ ಬಗ್ಗೆ ಸೆನೆಟ್‌ನಲ್ಲಿ ಒಬ್ಬರಾದರೂ ಕೇಳಬೇಕಾದರೆ ಮುಂಬಯಿ ಕನ್ನಡಿಗರ ಹೆಸರು ಮತದಾರರ ಪಟ್ಟಿಯಲ್ಲಿ ಇರಬೇಕು, ಅಲ್ವಾ? ಕರ್ನಾಟಕದಲ್ಲಿ ಕೂತಿರುವ ನನಗೆ ಆ ವೋಟು ಇಲ್ಲ. ನಿಮಗೆ ಇದೆ. ದಯವಿಟ್ಟು ನೋಂದಾಯಿಸಿಕೊಳ್ಳಿ. ಪದವಿ ಪ್ರಮಾಣಪತ್ರ, ವಿಳಾಸದ ದಾಖಲೆ ಸಿದ್ಧ ಇಟ್ಟುಕೊಳ್ಳಿ. ಪಟ್ಟಿ ತೆರೆದಾಗ ಮಾತ್ರ ಸೇರಿಸುತ್ತಾರೆ, ಚುನಾವಣೆ ಘೋಷಣೆಯಾದ ಮೇಲೆ ಓಡಿದರೆ ಆಗುವುದಿಲ್ಲ.

ಪ್ರಶ್ನೆ: ನನ್ನ ಮಗ ಐಐಟಿಯಲ್ಲಿ ಓದುತ್ತಿದ್ದಾನೆ. ಒಂದು ಕೋರ್ಸ್ ವಿಷಯದಲ್ಲಿ "ಸೆನೆಟ್ ತೀರ್ಮಾನ" ಅಂತ ಪತ್ರ ಬಂದಿದೆ. ಈ ಸೆನೆಟ್ ಮತ್ತು ನೀವು ಹೇಳುವ ಸೆನೆಟ್ ಒಂದೇನಾ? – ಒಬ್ಬ ತಾಯಿ, ಹುಬ್ಬಳ್ಳಿ

ಅಲ್ಲಮ್ಮ. ಹೆಸರು ಒಂದೇ, ಕೆಲಸ ಬೇರೆ. ಐಐಟಿಗಳು 1961ರ ಕೇಂದ್ರ ಕಾಯ್ದೆಯ ಕೆಳಗೆ ಬರುತ್ತವೆ. ಅಲ್ಲಿ ದುಡ್ಡು, ನೇಮಕಾತಿ ನೋಡುವುದು ಆಡಳಿತ ಮಂಡಳಿ. ಸೆನೆಟ್ ಅಂದರೆ ಪ್ರೊಫೆಸರುಗಳ ಸಭೆ, ನಿರ್ದೇಶಕರೇ ಅದರ ಅಧ್ಯಕ್ಷರು, ಹೊರಗಿನ ಮೂವರು ವಿದ್ವಾಂಸರೂ ಇರುತ್ತಾರೆ. ಪಾಠ, ಪರೀಕ್ಷೆ, ಗ್ರೇಡು, ಪದವಿ ಎಲ್ಲ ಅದರದ್ದೇ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲೂ ಸಿಂಡಿಕೇಟ್ ಅನ್ನುವ ಹೆಸರಿಲ್ಲ, ಅಲ್ಲಿ ಕಾರ್ಯಕಾರಿ ಪರಿಷತ್ತು ಮತ್ತು ಅಕಾಡೆಮಿಕ್ ಸೆನೆಟ್. ಹಾಗಾಗಿ ಪತ್ರದಲ್ಲಿ ಸಭೆಯ ಹೆಸರು ನೋಡಿದ ಕೂಡಲೇ ಗಾಬರಿಯಾಗಬೇಡಿ. ಮಗನಿಗೆ ಹೇಳಿ, ಮೇಲ್ಮನವಿ ಯಾರಿಗೆ, ಎಷ್ಟು ದಿನದ ಒಳಗೆ ಅಂತ ಡೀನ್ ಕಚೇರಿಯಲ್ಲಿ ಬರಹದಲ್ಲೇ ಕೇಳಲಿ.

ಪ್ರಶ್ನೆ: ಸಭೆ ಕರೆಯದೆ ಕುಲಪತಿಗಳು ಒಬ್ಬರೇ ತೀರ್ಮಾನ ಮಾಡಬಹುದೇ? ನಮ್ಮಲ್ಲಿ ಎಲ್ಲವೂ "ತುರ್ತು" ಅಂತಲೇ ಆಗುತ್ತಿದೆ. – ಒಬ್ಬ ಅತಿಥಿ ಉಪನ್ಯಾಸಕರು, ಕಲಬುರಗಿ

ಮಾಡಬಹುದು. ಕಾಯ್ದೆ ಆ ಅಧಿಕಾರ ಕೊಟ್ಟಿದೆ. ಪರೀಕ್ಷೆಯ ಹಿಂದಿನ ದಿನ ಪ್ರಶ್ನೆಪತ್ರಿಕೆ ಬಯಲಾದರೆ ಸಭೆ ಕರೆದುಕೊಂಡು ಕೂರಲು ಆಗುತ್ತದೆಯೇ? ಅಂಥ ಹೊತ್ತಿಗೆ ಈ ಅಧಿಕಾರ ಬೇಕೇ ಬೇಕು. ಆದರೆ ಅದರ ಜೊತೆಗೆ ಒಂದು ಕಟ್ಟೂ ಇದೆ. ಹಾಗೆ ಮಾಡಿದ್ದನ್ನು ಆ ವಿಷಯ ಯಾವ ಸಭೆಗೆ ಸೇರುತ್ತದೋ ಆ ಸಭೆಗೆ ವರದಿ ಮಾಡಬೇಕು. ಸಭೆ ಒಪ್ಪದಿದ್ದರೆ ವಿಷಯ ಕುಲಾಧಿಪತಿಗಳ ಮುಂದೆ ಹೋಗುತ್ತದೆ, ಅವರ ತೀರ್ಮಾನವೇ ಕೊನೆ.

ಘಟನೋತ್ತರ ಅನುಮೋದನೆ ಅಂತ ಮೇಲೆ ಹೇಳಿದೆನಲ್ಲ, ಅದರ ಪಟ್ಟಿ ಎಷ್ಟು ಉದ್ದ ಇದೆ ಅಂತ ನೋಡಿದರೆ ಒಂದು ವಿಶ್ವವಿದ್ಯಾಲಯ ಹೇಗೆ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಎರಡು ಮೂರು ಇದ್ದರೆ ಸಹಜ. ಅಜೆಂಡಾದ ಅರ್ಧ ಅದೇ ಆಗಿದ್ದರೆ ಸಭೆಗೆ ಸಹಿ ಹಾಕುವ ಕೆಲಸ ಮಾತ್ರ ಉಳಿದಿದೆ ಅಂತ ಅರ್ಥ. ಇದನ್ನು ನಿಮ್ಮ ಸಂಘದವರು ಒಬ್ಬ ಸದಸ್ಯರ ಗಮನಕ್ಕೆ ತರಬಹುದು. ಸದಸ್ಯರು ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ವಿಷಯ ಮುಂದಿನ ಸಭೆಯವರೆಗೆ ಕಾಯಲು ಯಾಕೆ ಆಗುತ್ತಿರಲಿಲ್ಲ?

ಪ್ರಶ್ನೆ: ಸಿಂಡಿಕೇಟ್‌ನಲ್ಲಿ ಕೈ ಎತ್ತಿ ವೋಟ್ ಹಾಕುತ್ತಾರಾ? – ಒಬ್ಬ ಓದುಗರು, ತುಮಕೂರು

ಹಾಕಬಹುದು, ಆದರೆ ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಕೈ ಎತ್ತಿಸಿ ಎಣಿಸಿದ ಸಂದರ್ಭಗಳು ಒಂದು ಕೈಯ ಬೆರಳಿಗಿಂತ ಜಾಸ್ತಿ ಇಲ್ಲ. ಸಾಮಾನ್ಯವಾಗಿ ಅಧ್ಯಕ್ಷರು "ಒಪ್ಪಿಗೆ ತಾನೆ?" ಅಂತಾರೆ, ಯಾರೂ ಮಾತಾಡದಿದ್ದರೆ ಒಪ್ಪಿಗೆ ಅಂತ ಬರೆಯುತ್ತಾರೆ. ಮೌನವಾಗಿ ಕೂತವರೆಲ್ಲ ಒಪ್ಪಿದವರ ಲೆಕ್ಕಕ್ಕೇ ಸೇರುತ್ತಾರೆ. ಆಮೇಲೆ ಕಾರಿಡಾರಿನಲ್ಲಿ "ನನಗೆ ಇದು ಇಷ್ಟ ಇರಲಿಲ್ಲ" ಅಂತ ಹೇಳಿದ ಸದಸ್ಯರನ್ನು ತುಂಬಾ ನೋಡಿದ್ದೇನೆ. ಕಾರಿಡಾರಿನ ಮಾತು ನಡಾವಳಿಗೆ ಬರುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ "ನನ್ನ ಭಿನ್ನಾಭಿಪ್ರಾಯ ದಾಖಲಿಸಿ" ಅನ್ನಬೇಕು, ಸಾಧ್ಯವಾದರೆ ಅಲ್ಲೇ ನಾಲ್ಕು ಸಾಲು ಬರೆದು ಕಾರ್ಯದರ್ಶಿಯವರ ಕೈಗೆ ಕೊಡಬೇಕು. ಮುಂದೆ ಆ ತೀರ್ಮಾನ ಕೋರ್ಟಿಗೆ ಹೋದರೆ ಆ ನಾಲ್ಕು ಸಾಲಿಗೆ ಬೆಲೆ ಬರುತ್ತದೆ.

ಕೋರಂ ಬಗ್ಗೆಯೂ ಕೆಲವರು ಕೇಳಿದ್ದಾರೆ. ಎಷ್ಟು ಜನ ಇರಬೇಕು ಅನ್ನುವುದು ಆಯಾ ವಿಶ್ವವಿದ್ಯಾಲಯದ ಕಾಯ್ದೆ, ಪರಿನಿಯಮಗಳಲ್ಲಿ ಇರುತ್ತದೆ. ನಾನು ಹೇಳುವುದು ಇಷ್ಟೇ, ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಸಹಿ ಹಾಕಿದವರೆಲ್ಲ ಸಂಜೆಯ ತನಕ ಇದ್ದರು ಅಂತ ತಿಳಿಯಬೇಡಿ.

ಪ್ರಶ್ನೆ: ನಡಾವಳಿ ನಮ್ಮಂಥವರಿಗೆ ಸಿಗುತ್ತದೆಯೇ? ಕೇಳಿದರೆ "ಗೌಪ್ಯ" ಅನ್ನುತ್ತಾರೆ. – ಒಬ್ಬ ಪೋಷಕರು, ಶಿವಮೊಗ್ಗ

ಸಿಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯ 2005ರ ಮಾಹಿತಿ ಹಕ್ಕು ಕಾಯ್ದೆಗೆ ಸೇರಿದ ಸಾರ್ವಜನಿಕ ಪ್ರಾಧಿಕಾರ. ಆ ಕಾಯ್ದೆಯ 4(1)(ಬಿ) ಕಲಮು ಓದಿ. ತಮ್ಮಲ್ಲಿ ಯಾವ ಯಾವ ಮಂಡಳಿ, ಪರಿಷತ್ತು, ಸಮಿತಿ ಇದೆ, ಅವುಗಳ ಸಭೆಗೆ ಜನ ಬರಬಹುದೇ, ಅವುಗಳ ನಡಾವಳಿ ಜನರಿಗೆ ಸಿಗುತ್ತದೆಯೇ ಅನ್ನುವುದನ್ನು ಯಾರೂ ಕೇಳದೆ ಇದ್ದರೂ ತಾವಾಗಿಯೇ ಪ್ರಕಟಿಸಬೇಕು ಅಂತ ಅದರಲ್ಲಿದೆ. ಕೆಲವು ವಿಶ್ವವಿದ್ಯಾಲಯಗಳು ತಮ್ಮ ಸಿಂಡಿಕೇಟ್ ನಡಾವಳಿಯನ್ನು ಜಾಲತಾಣದಲ್ಲೇ ಹಾಕುತ್ತವೆ, ಮೊದಲು ಅಲ್ಲಿ ಹುಡುಕಿ.

ಇಲ್ಲದಿದ್ದರೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಅಂತ ಇದೆ, ಹಾಗಾಗಿ ಕಥೆ ಬರೆಯಬೇಡಿ. "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಕಾಗದ ಕೇಳಬೇಕು. ಹೀಗೆ ಬರೆಯಿರಿ: "ಇಂಥ ದಿನಾಂಕದ ಸಿಂಡಿಕೇಟ್ ಸಭೆಯಲ್ಲಿ ಇಂಥ ವಿಷಯಕ್ಕೆ ಸಂಬಂಧಿಸಿದಂತೆ ಮಂಡಿಸಿದ ಟಿಪ್ಪಣಿ, ದೃಢೀಕರಿಸಿದ ನಿರ್ಣಯ, ಮತ್ತು ಮುಂದಿನ ಸಭೆಗೆ ಸಲ್ಲಿಸಿದ ಅನುಪಾಲನಾ ವರದಿಯ ದೃಢೀಕೃತ ನಕಲು ಕೊಡಿ." ಈ ಮೂರು ಕಾಗದ ಕೈಗೆ ಬಂದರೆ ಏನು ಕೇಳಿದರು, ಏನು ಒಪ್ಪಿದರು, ಏನು ಮಾಡಿದರು ಮೂರೂ ತಿಳಿಯುತ್ತದೆ. 30 ದಿನದಲ್ಲಿ ಬರದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ 30 ದಿನದ ಒಳಗೆ ಬರೆಯಿರಿ, ಅಲ್ಲೂ ಆಗದಿದ್ದರೆ 90 ದಿನದ ಒಳಗೆ ಮಾಹಿತಿ ಆಯೋಗ.

ಒಬ್ಬರ ಶಿಸ್ತುಕ್ರಮ, ಆರೋಗ್ಯ, ವೈಯಕ್ತಿಕ ದೂರು ಇಂಥವನ್ನು ಮುಚ್ಚಿ ಕೊಡಬಹುದು, ಅದು ಸರಿಯೂ ಹೌದು. ಆದರೆ ಕಟ್ಟಡಕ್ಕೆ ಎಷ್ಟು, ಶುಲ್ಕ ಯಾಕೆ ಏರಿತು, ಇದರಲ್ಲಿ ಗುಟ್ಟಿನದು ಏನೂ ಇಲ್ಲ. ಇನ್ನೊಂದು ಮಾತು, ಕೌಂಟರಿನಲ್ಲಿ ಕೂತ ಗುಮಾಸ್ತರ ಮೇಲೆ ರೇಗಬೇಡಿ. ನಡಾವಳಿ ಕೊಡುವ ಅಧಿಕಾರ ಅವರಿಗೆ ಇಲ್ಲ. ಸಮಾಧಾನವಾಗಿ ಸಭೆಯ ದಿನಾಂಕ ಮತ್ತು ವಿಷಯ ಸಂಖ್ಯೆ ಕೇಳಿದರೆ ಹೆಚ್ಚಿನವರು ಹೇಳುತ್ತಾರೆ, ನಿಮ್ಮ ಅರ್ಜಿಗೆ ಅಷ್ಟು ಸಾಕು.

ಪ್ರಶ್ನೆ: ಪ್ರಾಂಶುಪಾಲಳಾಗಿ ಸರದಿಯ ಮೇಲೆ ನನಗೆ ಈ ವರ್ಷ ಸಿಂಡಿಕೇಟ್ ಸದಸ್ಯತ್ವ ಬಂದಿದೆ. ಇಂಥ ಸಭೆ ಇದೇ ಮೊದಲು. ಭಯ ಆಗುತ್ತಿದೆ. – ಒಬ್ಬ ಪ್ರಾಂಶುಪಾಲರು, ಹಾಸನ ಜಿಲ್ಲೆ

ಮೇಡಂ, ಆ ಬೋರ್‌ವೆಲ್ ಕಥೆಗೆ ಒಂದು ಎರಡನೇ ಭಾಗ ಇದೆ, ಅದನ್ನು ನಿಮಗೋಸ್ಕರ ಉಳಿಸಿಕೊಂಡಿದ್ದೆ. ಮುಂದಿನ ವರ್ಷ ನಿಮ್ಮ ಹಾಗೇ ಒಂದು ಸಣ್ಣ ಊರಿನ ಕಾಲೇಜಿನ ಪ್ರಾಂಶುಪಾಲರು ಸದಸ್ಯರಾಗಿ ಬಂದರು. ಮೊದಲ ಎರಡು ಸಭೆ ಮಾತೇ ಆಡಲಿಲ್ಲ, ಬರೆದುಕೊಳ್ಳುತ್ತಿದ್ದರು. ಮೂರನೇ ಸಭೆಯಲ್ಲಿ ಹಾಸ್ಟೆಲ್‌ನದೇ ಇನ್ನೊಂದು ವಿಷಯ ಬಂತು, ಚರ್ಚೆ ಮುಗಿದು ಅಧ್ಯಕ್ಷರು ಮುಂದಿನ ನಂಬರ್ ಕರೆಯುವ ಹೊತ್ತಿಗೆ ಅವರು ಕೈ ಎತ್ತಿ, "ಸರ್, ಈಗ ಏನು ತೀರ್ಮಾನ ಆಯಿತು ಅಂತ ಒಂದು ಸಲ ಗಟ್ಟಿಯಾಗಿ ಓದಿಸಿ" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬರೆದುಕೊಂಡದ್ದನ್ನು ಓದಿದೆ. "ಯಾರು ಮಾಡಬೇಕು ಅಂತ ಇಲ್ಲವಲ್ಲ" ಅಂದರು. ಸೇರಿಸಿದೆವು. "ಎಷ್ಟು ದಿನದಲ್ಲಿ?" ಅದನ್ನೂ ಸೇರಿಸಿದೆವು. ಎರಡು ನಿಮಿಷವೂ ಹಿಡಿಯಲಿಲ್ಲ. ಆ ಕೆಲಸ ಹೇಳಿದ ತಿಂಗಳಿಗೆ ಮುಗಿಯಿತು. ಅಂದಿನಿಂದ ನಾನು ನಿವೃತ್ತನಾಗುವ ತನಕ ಪ್ರತಿ ನಿರ್ಣಯವನ್ನೂ ಸಭೆಯಲ್ಲೇ ಓದಿ ಆಮೇಲೆ ಪುಸ್ತಕಕ್ಕೆ ಬರೆಯುತ್ತಿದ್ದೆ.

ನೀವೂ ಇಷ್ಟು ಮಾಡಿ ಸಾಕು. ಅಜೆಂಡಾ ಕೈಗೆ ಬಂದ ದಿನವೇ ಪೂರ್ತಿ ಓದಿ, ಐವತ್ತು ವಿಷಯ ಇದ್ದರೂ ಬಿಡಬೇಡಿ. ನಿಮಗೆ ಗೊತ್ತಿರುವ ನಾಲ್ಕೋ ಐದೋ ವಿಷಯದ ಮೇಲೆ ಗಮನ ಇಡಿ. ಕಾಲೇಜು ನಡೆಸುವ ಕಷ್ಟ ನಿಮಗೆ ಗೊತ್ತು, ಆ ಟೇಬಲ್‌ನಲ್ಲಿ ಕೂತ ಎಷ್ಟೋ ಜನರಿಗೆ ಗೊತ್ತಿಲ್ಲ. ಅನುಪಾಲನಾ ವರದಿ ಬಂದಾಗ "ಕ್ರಮ ಜರುಗಿಸಲಾಗುತ್ತಿದೆ" ಅಂತ ಇರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ, ಅದೇ ಮಾತು ಮುಂದಿನ ಸಲವೂ ಬಂದರೆ ಕೇಳಿ. ಟೇಬಲ್ ಅಜೆಂಡಾ ಅಂತ ಅದೇ ಬೆಳಿಗ್ಗೆ ಕೈಗೆ ಕೊಟ್ಟ ಕಾಗದದಲ್ಲಿ ದೊಡ್ಡ ಮೊತ್ತ ಇದ್ದರೆ, "ಇದನ್ನು ಓದಲು ಸಮಯ ಬೇಕು, ಮುಂದಿನ ಸಭೆಗೆ ಇಡೋಣ" ಅನ್ನಿ. ಅದನ್ನು ಕೇಳುವ ಹಕ್ಕು ನಿಮಗಿದೆ. ನಿಮ್ಮದೇ ಕಾಲೇಜಿನ ವಿಷಯ ಬಂದಾಗ ಎದ್ದು ಹೊರಗೆ ಹೋಗಿ, ಹೋದದ್ದನ್ನು ನಡಾವಳಿಯಲ್ಲಿ ಬರೆಸಿ. ಸಭೆಯಾದ ಕೆಲವು ದಿನಕ್ಕೆ ಕರಡು ನಡಾವಳಿ ನಿಮಗೆ ಬರುತ್ತದೆ. ಅದನ್ನು ಅವತ್ತೇ ನಿಮ್ಮ ಟಿಪ್ಪಣಿ ಪುಸ್ತಕದ ಪಕ್ಕದಲ್ಲಿಟ್ಟು ಓದಿ, ತಪ್ಪಿದ್ದರೆ ಕುಲಸಚಿವರಿಗೆ ಪತ್ರ ಬರೆಯಿರಿ. ಮುಂದಿನ ಸಭೆಯಲ್ಲಿ ದೃಢೀಕರಣ ಆಗಿಬಿಟ್ಟರೆ ಆ ವಾಕ್ಯ ತಿದ್ದುವುದು ಬಹಳ ಕಷ್ಟ.